ಅಣ್ಣನದು ಜಿಸಿಎಸ್‌ಇ, ತಂಗಿಯದು ಐಜಿಸಿಎಸ್‌ಇ

ನಮ್ಮ ಮನೆಯ ಅಟ್ಟದ ಮೇಲೆ ಎರಡು ರಟ್ಟಿನ ಡಬ್ಬಗಳಿವೆ. ಒಂದು ಇಂಗ್ಲೆಂಡಿನ ಲೆಸ್ಟರ್‌ನಿಂದ ಬಂದದ್ದು. ಅದರಲ್ಲಿ ನನ್ನ ತಂಗಿಯ ಮಗ 2023ರಲ್ಲಿ ಬರೆದ ಜಿಸಿಎಸ್‌ಇ ಪರೀಕ್ಷೆಯ ನೋಟ್ಸು, ಹಳೆ ಪ್ರಶ್ನೆಪತ್ರಿಕೆಗಳಿವೆ. ಇನ್ನೊಂದು ರಾಯಚೂರಿನಲ್ಲೇ ತುಂಬಿದ್ದು. ಅವನ ತಂಗಿ 2025ರ ಮಾರ್ಚ್‌ನಲ್ಲಿ ಬರೆದ ಐಜಿಸಿಎಸ್‌ಇಯ ಪುಸ್ತಕಗಳು ಅದರಲ್ಲಿವೆ. ಎರಡೂ ಬ್ರಿಟನ್ನಿನ ಹತ್ತನೇ ತರಗತಿ ಅಂತ ನಾವು ಸುಲಭವಾಗಿ ಹೇಳುವ ಪರೀಕ್ಷೆಗಳೇ. ಆದರೆ ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡು ಲೆಕ್ಕ ಬಿಡಿಸಿದವರು ನಮ್ಮ ಕಡೆ ಕಡಿಮೆ. ನಾನು ಬಿಡಿಸಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳುವವಳು. 22 ವರ್ಷ ಆಯಿತು. ಎಸ್‌ಎಸ್‌ಎಲ್‌ಸಿ ಪತ್ರಿಕೆ ತಿದ್ದಿ ತಿದ್ದಿ ಕೈ ಪಳಗಿದೆ. ತಂಗಿ ಮತ್ತು ಅವಳ ಗಂಡ 2014ರಲ್ಲಿ ಇಂಗ್ಲೆಂಡಿಗೆ ಹೋದರು. 2023ರ ಬೇಸಿಗೆಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತಂಗಿ ಮಗಳನ್ನು ಕರೆದುಕೊಂಡು ಬಂದಳು. ಗಂಡ ಮತ್ತು ಮಗ ಅಲ್ಲೇ ಉಳಿದರು. ಹುಡುಗಿ ಆಗಷ್ಟೇ ಅಲ್ಲಿನ ಇಯರ್ 9 ಅನ್ನುವ ತರಗತಿ ಮುಗಿಸಿದ್ದಳು. ಬಂದ ನಾಲ್ಕೇ ದಿನಕ್ಕೆ ತಂಗಿ ಕೇಳಿದಳು: "ಅಕ್ಕಾ, ಇವಳನ್ನ ಈಗ ಯಾವುದಕ್ಕೆ ಹಾಕಬೇಕು?"

ನನಗೆ ಮೊದಲು ಹೊಳೆದದ್ದು, ಅಲ್ಲಿ ಓದುತ್ತಿದ್ದ ಜಿಸಿಎಸ್‌ಇಯನ್ನೇ ಇಲ್ಲಿಂದ ಮುಗಿಸಿದರಾಯಿತು ಅಂತ. ಅದು ಆಗುವುದಿಲ್ಲ. ಜಿಸಿಎಸ್‌ಇ ಬ್ರಿಟನ್ನಿನ ಒಳಗಿನ ಪರೀಕ್ಷೆ. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ಮಕ್ಕಳು 16ನೇ ವಯಸ್ಸಿಗೆ ಬರೆಯುತ್ತಾರೆ. ಸ್ಕಾಟ್ಲೆಂಡಿಗೆ ಅದೂ ಇಲ್ಲ, ಅವರದ್ದೇ ಬೇರೆ ಪರೀಕ್ಷೆ. ಹೊರದೇಶದಲ್ಲಿ ಕೂತು ಬರೆಯುವವರಿಗಾಗಿ ಮಾಡಿದ್ದು ಐಜಿಸಿಎಸ್‌ಇ. ಎರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಹಳೆಯ ಓ-ಲೆವೆಲ್ ಪರೀಕ್ಷೆ ತೆಗೆದು ಜಿಸಿಎಸ್‌ಇ ತಂದಾಗ ಮೊದಲ ಪರೀಕ್ಷೆ ನಡೆದದ್ದು 1988ರಲ್ಲಿ. ಕೇಂಬ್ರಿಡ್ಜ್ ಅನ್ನುವ ಪರೀಕ್ಷಾ ಬೋರ್ಡಿನವರ ಐಜಿಸಿಎಸ್‌ಇ ಶುರುವಾದದ್ದೂ ಅದೇ ವರ್ಷ.

ಹಾಗಾಗಿ ನಮ್ಮ ಹುಡುಗಿಯ ಮುಂದೆ ಇದ್ದದ್ದು ಎರಡೇ ದಾರಿ. ಅಪ್ಪ, ಅಣ್ಣನ ಹತ್ತಿರ ವಾಪಸ್ ಹೋಗಿ ಜಿಸಿಎಸ್‌ಇ ಮುಗಿಸುವುದು. ಇಲ್ಲವೇ ಅಮ್ಮ, ಅಜ್ಜಿಯ ಹತ್ತಿರ ಉಳಿದು ಐಜಿಸಿಎಸ್‌ಇ ಕಟ್ಟುವುದು. ಇಲ್ಲಿನ ಶಾಲೆಗೆ ಸೇರಿಸುವುದನ್ನೂ ಯೋಚಿಸಿದೆವು. ಆದರೆ ಮಾತಾಡುವ ಕನ್ನಡ ಚೆನ್ನಾಗಿದ್ದರೂ ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಹಿಂದಿಯೂ ಬರುತ್ತಿರಲಿಲ್ಲ. ಎರಡು ಭಾಷೆಯ ಭಾರ ಹೊರಿಸಿ ಆ ವಯಸ್ಸಿನಲ್ಲಿ ಎಸ್‌ಎಸ್‌ಎಲ್‌ಸಿಗೆ ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಹೆಸರಿನ ಜೊತೆ ಇಂಟರ್‌ನ್ಯಾಷನಲ್ ಅಂತ ಇರುವ ಶಾಲೆಗಳು ಬೇಕಾದಷ್ಟಿವೆ. ಹೆಸರು ನೋಡಿ ಐಜಿಸಿಎಸ್‌ಇ ಅಂದುಕೊಳ್ಳಬೇಡಿ. ನಾನು ವಿಚಾರಿಸಿದ ಶಾಲೆಗಳಲ್ಲೆಲ್ಲ ಹೇಳುತ್ತಿದ್ದದ್ದು ಸಿಬಿಎಸ್‌ಇ ಅಥವಾ ರಾಜ್ಯ ಪಠ್ಯ. ಯಾವ ಬೋರ್ಡಿನ ಪರೀಕ್ಷೆ ಬರೆಸುತ್ತೀರಿ ಅಂತ ನೇರವಾಗಿ ಕೇಳಿ, ನೋಂದಣಿಯ ಕಾಗದ ನೋಡಿಯೇ ಫೀಸು ಕಟ್ಟಿ.

ನಿರ್ಧಾರ ಮಾಡುವ ಮೊದಲು ನೆಂಟರು, ಸ್ನೇಹಿತರು ಎಲ್ಲರೂ ಸಲಹೆ ಕೊಟ್ಟರು. ಲೆಸ್ಟರ್‌ನಲ್ಲಿರುವ ಒಬ್ಬರು ಫೋನಿನಲ್ಲಿ, "ಐಜಿಸಿಎಸ್‌ಇ ಸುಲಭ, ಇಲ್ಲಿ ಖಾಸಗಿ ಶಾಲೆಯವರು ಅದಕ್ಕೇ ಅದನ್ನು ಹಿಡಿದಿದ್ದಾರೆ" ಅಂದರು. ರಾಯಚೂರಿನ ಸಹೋದ್ಯೋಗಿಯೊಬ್ಬರು, "ಅದು ಭಾಳ ಕಠಿಣ ಐತ್ರಿ ಮೇಡಂ, ಮನ್ಯಾಗ ಕುಂತು ಓದೋದು ಆಗಂಗಿಲ್ಲ" ಅಂದರು. ಇಬ್ಬರೂ ಪತ್ರಿಕೆ ನೋಡಿರಲಿಲ್ಲ. ನಾನು ತೀನ್ ಕಂದೀಲ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ತೆಗೆದುಕೊಂಡು ಹೋದೆ. ಎರಡೂ ಕಡೆಯ ಗಣಿತದ ಹಳೆ ಪತ್ರಿಕೆಗಳು ಬೋರ್ಡುಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಐದೈದು ಪತ್ರಿಕೆ ಮುದ್ರಿಸಿ ತಂದೆ. ಶಾಲೆ ಮುಗಿಸಿ ಬಂದು ರಾತ್ರಿ ಹೊತ್ತು ಕೂತು, ಹುಡುಗರು ಬರೆಯುವ ಹಾಗೆ ಗಡಿಯಾರ ಇಟ್ಟುಕೊಂಡು ಎಲ್ಲವನ್ನೂ ಬಿಡಿಸಿದೆ. ಎರಡು ವಾರ ಹಿಡಿಯಿತು.

ಒಂದು ಸುಲಭ, ಒಂದು ಕಷ್ಟ ಅಂತ ನನಗೆ ಅನ್ನಿಸಲಿಲ್ಲ. ಎರಡರ ಗುಣ ಬೇರೆ.

ಜಿಸಿಎಸ್‌ಇ ಗಣಿತದಲ್ಲಿ ಮೂರು ಪತ್ರಿಕೆ, ತಲಾ ಒಂದೂವರೆ ಗಂಟೆ. ನಮ್ಮ ಹುಡುಗ ಬರೆದ ಬೋರ್ಡಿನಲ್ಲಿ ತಲಾ 80 ಅಂಕ. ಮೊದಲನೆಯದರಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಪ್ರಶ್ನೆಗಳು ಇಂಗ್ಲೆಂಡಿನ ಬೀದಿಯಿಂದ ಎದ್ದು ಬಂದ ಹಾಗಿರುತ್ತವೆ. ಪೌಂಡು, ಪೆನ್ಸು, ಮೈಲಿ, ರೈಲಿನ ವೇಳಾಪಟ್ಟಿ. ಮಾತಿನ ಲೆಕ್ಕ ಜಾಸ್ತಿ. ಸಾಧಿಸಿ ತೋರಿಸು ಅಂತ ಕೇಳುವ ಲೆಕ್ಕವೂ ಇರುತ್ತದೆ. ಕೇಂಬ್ರಿಡ್ಜ್ ಐಜಿಸಿಎಸ್‌ಇಯಲ್ಲಿ ಡಾಲರು, ಕಿಲೋಮೀಟರು. ಹೆಸರುಗಳು ಹತ್ತಾರು ದೇಶದವು. ನೈರೋಬಿಯ ಹುಡುಗ, ಕೊಲಂಬೊದ ಹುಡುಗಿ, ನಮ್ಮ ರಾಯಚೂರಿನವಳು, ಯಾರು ಓದಿದರೂ ಅರ್ಥ ಆಗುವ ಹಾಗೆ ಭಾಷೆಯನ್ನು ಸಪಾಟಾಗಿ ಇಟ್ಟಿರುತ್ತಾರೆ. ಲೆಕ್ಕದ ಆಳ ಮಾತ್ರ ಕಡಿಮೆ ಇಲ್ಲ. ಈ ಗಣಿತದಲ್ಲಿ ಎರಡು ಹಂತ; ಮೇಲಿನ ಹಂತದಲ್ಲಿ ಡಿಫರೆನ್ಸಿಯೇಷನ್ (ಅವಕಲನ) ಇದೆ, ಗಣಗಳಿವೆ. ಜಿಸಿಎಸ್‌ಇಯಲ್ಲಿ ಡಿಫರೆನ್ಸಿಯೇಷನ್ ಇಲ್ಲ. ನಮ್ಮಲ್ಲಿ ಅದು ಪಿಯುಸಿಗೆ ಬರುವ ಪಾಠ. ಸುಲಭ ಅಂದವರಿಗೆ ಇದನ್ನೇ ತೋರಿಸಿದೆ.

ಖಾಸಗಿ ಶಾಲೆಯ ಮಾತಿನಲ್ಲೂ ಅರ್ಧ ನಿಜ ಇದೆ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳ ಸಾಧನೆಯನ್ನು ಅಲ್ಲಿನ ಸರ್ಕಾರ ಪಟ್ಟಿ ಮಾಡಿ ಪ್ರಕಟಿಸುತ್ತದೆ. ಆ ಪಟ್ಟಿಗೆ ಐಜಿಸಿಎಸ್‌ಇ ಫಲಿತಾಂಶ ಸೇರುವುದಿಲ್ಲ. ಹಾಗಾಗಿ ಸರ್ಕಾರಿ ಶಾಲೆಗಳು ಅದನ್ನು ಕೈಬಿಟ್ಟವು. ಪಟ್ಟಿಯ ಹಂಗಿಲ್ಲದ ಖಾಸಗಿ ಶಾಲೆಗಳು ಇಟ್ಟುಕೊಂಡವು. ಅಷ್ಟಕ್ಕೇ ಸುಲಭ ಅಂತ ತೀರ್ಮಾನ ಮಾಡಿದರೆ ತಪ್ಪಾಗುತ್ತದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಎರಡನ್ನೂ ಒಪ್ಪುತ್ತವೆ.

ಒಂದು ವ್ಯತ್ಯಾಸ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ನಡೆಸುವ ಬೋರ್ಡುಗಳು ಹಲವು. ಎಕ್ಯೂಎ, ಎಡೆಕ್ಸೆಲ್, ಒಸಿಆರ್ ಹೀಗೆ. ಆದರೆ ಒಂದು ವಿಷಯದಲ್ಲಿ ಏನೇನು ಇರಬೇಕು ಅಂತ ಅಲ್ಲಿನ ಶಿಕ್ಷಣ ಇಲಾಖೆ ಗೊತ್ತು ಮಾಡುತ್ತದೆ. ಆಫ್‌ಕ್ವಾಲ್ ಅನ್ನುವ ಸಂಸ್ಥೆ ಎಲ್ಲರ ಮೇಲೂ ಕಣ್ಣಿಟ್ಟಿರುತ್ತದೆ. ಹಾಗಾಗಿ ಗಣಿತದಂಥ ವಿಷಯದಲ್ಲಿ ಬೋರ್ಡು ಬದಲಾದರೂ ಪಾಠ ಅದೇ. ಐಜಿಸಿಎಸ್‌ಇ ಹಾಗಲ್ಲ. ಕೇಂಬ್ರಿಡ್ಜ್‌ನದು ಒಂದು ಪಠ್ಯ, ಪಿಯರ್ಸನ್ ಎಡೆಕ್ಸೆಲ್‌ನದು ಇನ್ನೊಂದು, ಆಕ್ಸ್‌ಫರ್ಡ್ ಎಕ್ಯೂಎಯದು ಮತ್ತೊಂದು. ಕೇಂಬ್ರಿಡ್ಜ್ ಗಣಿತದ ಕೋಡ್ 0580, ಎಡೆಕ್ಸೆಲ್‌ನದು 4ಎಂಎ1. ಪುಸ್ತಕ ಕೊಳ್ಳುವ ಮೊದಲು ಈ ಕೋಡ್ ಬರೆದಿಟ್ಟುಕೊಳ್ಳಿ.

ಪುಸ್ತಕದ ವಿಷಯದಲ್ಲಿ ನಾನು ದುಡ್ಡು ಕಳೆದುಕೊಂಡೆ. ಹೈದರಾಬಾದಿನ ಕೋಠಿಯಲ್ಲಿ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ 0580 ಅಂತಲೇ ಇದ್ದ ದಪ್ಪ ಪುಸ್ತಕ ಅರ್ಧ ಬೆಲೆಗೆ ಸಿಕ್ಕಿತು. ಹೊಸ ಪಠ್ಯಕ್ಕೂ ನಡೆಯುತ್ತದೆ ಅಂತ ಅಂಗಡಿಯವನು ಒತ್ತಿ ಹೇಳಿದ. ಖುಷಿಯಿಂದ ತಂದೆ. ಎರಡು ತಿಂಗಳ ಮೇಲೆ ಗೊತ್ತಾಯಿತು, ಅದು ಹಳೆ ಪಠ್ಯದ್ದು. 2025ರಿಂದ ಕೇಂಬ್ರಿಡ್ಜ್‌ನವರು ಗಣಿತ ಪರೀಕ್ಷೆಯನ್ನೇ ಬದಲಿಸಿದ್ದರು. ಮೊದಲು ಎಲ್ಲ ಪತ್ರಿಕೆಗೂ ಕ್ಯಾಲ್ಕುಲೇಟರ್ ಇತ್ತು. ಈಗ ಒಂದು ಪತ್ರಿಕೆಗೆ ಇಲ್ಲ. ಮೇಲಿನ ಹಂತಕ್ಕೆ ಎರಡು ಪತ್ರಿಕೆ, ತಲಾ 2 ಗಂಟೆ, ತಲಾ 100 ಅಂಕ. ಸೂತ್ರಗಳ ಪಟ್ಟಿಯನ್ನು ಪತ್ರಿಕೆಯ ಒಳಗೇ ಕೊಡುತ್ತಾರೆ. ನಮ್ಮ ಹುಡುಗಿ ಬರೆಯಬೇಕಾದದ್ದು ಇದೇ ಹೊಸ ಪರೀಕ್ಷೆ. ರಟ್ಟಿನ ಮೇಲೆ ಯಾವ ವರ್ಷದ ಪರೀಕ್ಷೆಗೆ ಅಂತ ಅಚ್ಚಾಗಿರುತ್ತದೆ. ನಾನು ನೋಡಿರಲಿಲ್ಲ. ಆಮೇಲೆ ಹೊಸ ಪುಸ್ತಕ ಪೂರ್ತಿ ಬೆಲೆ ಕೊಟ್ಟು ತರಿಸಿದೆ.

ಹೊಸ ಪುಸ್ತಕ ಚೆನ್ನಾಗಿದೆ. ಕಾಗದ ಗಟ್ಟಿ, ಚಿತ್ರ ಸ್ಪಷ್ಟ, ಅಭ್ಯಾಸದ ಲೆಕ್ಕ ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆದರೆ ತೂಕ ಭಾಳ. ಅದನ್ನು ಚೀಲದಲ್ಲಿ ಹೊತ್ತುಕೊಂಡು ಮಗು ಓಡಾಡಬಾರದು. ಅಧ್ಯಾಯ ಅಧ್ಯಾಯ ಬಿಡಿಸಿ ಮೂರು ಭಾಗ ಮಾಡಿ ಹೊಲಿಸಿದೆ.

ನನ್ನ ಕಣ್ಣಿಗೆ ಈ ಎರಡೂ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ವಸ್ತು ಪುಸ್ತಕ ಅಲ್ಲ. ಅಂಕ ಕೊಡುವ ಕ್ರಮವನ್ನು ಅವರು ಪ್ರಕಟಿಸುತ್ತಾರಲ್ಲ, ಆ ಮಾರ್ಕ್ ಸ್ಕೀಮ್. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲೂ ಹಂತಕ್ಕೆ ಅಂಕ ಕೊಡುತ್ತೇವೆ. ಅದು ನನಗೆ ಹೊಸದಲ್ಲ. ಇವರು ಅದನ್ನು ಎಷ್ಟು ಸೂಕ್ಷ್ಮಕ್ಕೆ ಒಯ್ದಿದ್ದಾರೆ ಅನ್ನುವುದು ಹೊಸದು. ವಿಧಾನಕ್ಕೆ ಎಂ ಅಂಕ, ಸರಿಯಾದ ಉತ್ತರಕ್ಕೆ ಎ ಅಂಕ, ವಿಧಾನ ತೋರಿಸದೆಯೂ ಸಿಗುವ ಬಿ ಅಂಕ. ಇದರ ಜೊತೆ ಫಾಲೋ ಥ್ರೂ ಅಂತ ಒಂದು. ಒಂದು ಸಂಜೆ ಹುಡುಗಿ ಶಂಕುವಿನ ಲೆಕ್ಕ ಮಾಡುತ್ತಿದ್ದಳು. ಪೈಥಾಗೊರಸ್ ಹಾಕಿ ಎತ್ತರ ಕಂಡುಹಿಡಿದು, ಅದರಿಂದ ಘನಫಲ ತೆಗೆಯಬೇಕು. ಕಳೆಯುವಾಗ ತಪ್ಪಿದಳು. ಎತ್ತರ ತಪ್ಪು, ಘನಫಲವೂ ತಪ್ಪು. ಪುಸ್ತಕ ಮುಚ್ಚಿ, "ಪೂರ್ತಿ ಹೋಯ್ತು ದೊಡ್ಡಮ್ಮ" ಅಂದಳು. ನಾನು ಮಾರ್ಕ್ ಸ್ಕೀಮ್ ತೆಗೆದು ಪಕ್ಕದಲ್ಲಿಟ್ಟೆ. ಪೈಥಾಗೊರಸ್ ಸರಿಯಾಗಿ ಹಾಕಿದ್ದಕ್ಕೆ ಒಂದು. ತನ್ನದೇ ತಪ್ಪು ಎತ್ತರವನ್ನು ಘನಫಲದ ಸೂತ್ರದಲ್ಲಿ ಸರಿಯಾಗಿ ಇಟ್ಟಿದ್ದಕ್ಕೆ ಇನ್ನೊಂದು. ನಾಲ್ಕಕ್ಕೆ ಎರಡು ಉಳಿಯಿತು. "ಇದಕ್ಕೂ ಕೊಡ್ತಾರಾ?" ಅಂತ ಕಣ್ಣರಳಿಸಿದಳು. ಅವತ್ತಿನಿಂದ ಅವಳು ಲೆಕ್ಕವನ್ನು ಮನಸ್ಸಿನಲ್ಲಿ ಮಾಡುವುದು ಬಿಟ್ಟಳು. ಪ್ರತಿ ಸಾಲನ್ನೂ ಬರೆಯತೊಡಗಿದಳು.

ಅದರ ಜೊತೆಗೆ ಪರೀಕ್ಷಕರ ವರದಿ ಅಂತ ಬರುತ್ತದೆ. ಯಾವ ಪ್ರಶ್ನೆಯಲ್ಲಿ ಮಕ್ಕಳು ಎಲ್ಲಿ ಎಡವಿದರು ಅಂತ ಪ್ರಶ್ನೆ ಪ್ರಶ್ನೆಗೂ ಬರೆದಿರುತ್ತಾರೆ. ಇದನ್ನು ನಾನು ನನ್ನ ಶಾಲೆಯ ಮಕ್ಕಳಿಗೂ ಬಳಸಿದ್ದೇನೆ. ತ್ರಿಕೋನಮಿತಿಯಲ್ಲಿ ನಡುವಿನ ಹಂತದಲ್ಲೇ ದಶಮಾಂಶವನ್ನು ಕತ್ತರಿಸಿ ಕೊನೆಯ ಉತ್ತರ ಕೆಡಿಸಿಕೊಳ್ಳುವುದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಪೇಪರು ತಿದ್ದುವ ಪ್ರತಿ ಗಣಿತ ಮೇಷ್ಟ್ರೂ ಒಮ್ಮೆ ಇವನ್ನು ಓದಬೇಕು ಅಂತ ನನ್ನ ಆಸೆ.

ದರ್ಜೆಯ ವಿಷಯ ಗೊಂದಲದ್ದು. 2017ರಿಂದ ಇಂಗ್ಲೆಂಡಿನ ಜಿಸಿಎಸ್‌ಇಗೆ 9ರಿಂದ 1ರವರೆಗೆ ಅಂಕಿ. 9 ಎಲ್ಲಕ್ಕಿಂತ ಮೇಲು. 4 ಬಂದರೆ ಪಾಸು ಅನ್ನಬಹುದು, ಹಳೆಯ ಸಿ ದರ್ಜೆಯ ಸಮ. 5 ಬಂದರೆ ಗಟ್ಟಿ ಪಾಸು. ಹುಡುಗನಿಗೆ ಗಣಿತದಲ್ಲಿ 8 ಬಂದಾಗ ನಮ್ಮ ಚಿಕ್ಕಪ್ಪ, "ಎಂಟನೇ ರ‍್ಯಾಂಕಾ?" ಅಂತ ಕೇಳಿದರು. ಅವರ ತಪ್ಪಲ್ಲ, ನಮ್ಮಲ್ಲಿ ಒಂದು ಅಂದರೆ ಮೊದಲು. ಕೇಂಬ್ರಿಡ್ಜ್‌ನವರು ನಮ್ಮ ಕಡೆ ಈಗಲೂ ಎ-ಸ್ಟಾರ್‌ನಿಂದ ಜಿವರೆಗೆ ಅಕ್ಷರಗಳನ್ನೇ ಕೊಡುತ್ತಾರೆ. ಎಡೆಕ್ಸೆಲ್‌ನ ಇಂಟರ್‌ನ್ಯಾಷನಲ್ ಪರೀಕ್ಷೆಗೆ 9ರಿಂದ 1. ಇಲ್ಲಿನ ಕಾಲೇಜಿನ ಗುಮಾಸ್ತರಿಗೆ ಅಕ್ಷರ ಬೇಗ ಅರ್ಥವಾಗುತ್ತದೆ. ಸಣ್ಣ ವಿಷಯ ಅನ್ನಿಸಬಹುದು. ಕೌಂಟರಿನ ಮುಂದೆ ನಿಂತಾಗ ಸಣ್ಣದಲ್ಲ.

ಇನ್ನೊಂದು: ನಮ್ಮಲ್ಲಿ ಪಾಸಾಗಲು ಎಷ್ಟು ಅಂಕ ಬೇಕು ಅಂತ ಪರೀಕ್ಷೆಗೆ ಮೊದಲೇ ಗೊತ್ತಿರುತ್ತದೆ. ಅಲ್ಲಿ ಪ್ರತಿ ಸಲ ಪತ್ರಿಕೆಯ ಕಷ್ಟ ನೋಡಿ ಯಾವ ದರ್ಜೆಗೆ ಎಷ್ಟು ಅಂಕ ಅಂತ ಗೊತ್ತು ಮಾಡುತ್ತಾರೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ. ಪತ್ರಿಕೆ ಕಷ್ಟ ಬಂದರೆ ಎಲ್ಲರಿಗೂ ಕಷ್ಟ, ಗೆರೆಯೂ ಕೆಳಗಿಳಿಯುತ್ತದೆ.

ಕೇಂಬ್ರಿಡ್ಜ್‌ನಲ್ಲಿ ಹಂತ ಆರಿಸುವಾಗ ಎಚ್ಚರ ಬೇಕು. ಕೋರ್ ಮತ್ತು ಎಕ್ಸ್‌ಟೆಂಡೆಡ್ ಅಂತ ಎರಡು. ಕೋರ್ ತೆಗೆದುಕೊಂಡರೆ ಎಷ್ಟೇ ಚೆನ್ನಾಗಿ ಬರೆದರೂ ಸಿ ದಾಟುವುದಿಲ್ಲ. ಜಿಸಿಎಸ್‌ಇ ಗಣಿತದಲ್ಲೂ ಇದೇ ಥರ, ಕೆಳ ಹಂತದಲ್ಲಿ 5 ಮೇಲ್ಮಿತಿ. ನಮಗೆ ಪರಿಚಯದ ಒಂದು ಮನೆಯಲ್ಲಿ ಟ್ಯೂಷನ್ ಹೇಳುವವರು ಗೊತ್ತಿಲ್ಲದೆ ಮಗುವನ್ನು ಕೋರ್‌ಗೆ ಹಾಕಿಸಿಬಿಟ್ಟಿದ್ದರು. ಮುಂದೆ ವಿಜ್ಞಾನ ಓದುವ ಮಗುವಿಗೆ ಎಕ್ಸ್‌ಟೆಂಡೆಡ್ಡೇ ಬೇಕು.

ವಿಜ್ಞಾನದಲ್ಲಿ ಮನೆಯಲ್ಲಿ ಓದುವವರಿಗೆ ಐಜಿಸಿಎಸ್‌ಇ ಒಂದು ದೊಡ್ಡ ಉಪಕಾರ ಮಾಡಿದೆ. ಪ್ರಾಯೋಗಿಕ ಪರೀಕ್ಷೆಯ ಬದಲು ಪೇಪರ್ 6 ಅಂತ ಒಂದು ಲಿಖಿತ ಪತ್ರಿಕೆ ಇದೆ. ಒಂದು ಗಂಟೆ, 40 ಅಂಕ. ಬ್ಯೂರೆಟ್ ಚಿತ್ರ ಕೊಟ್ಟು ಅಳತೆ ಓದು ಅನ್ನುತ್ತಾರೆ, ಪ್ರಯೋಗವನ್ನು ನೀನೇ ಯೋಜಿಸು ಅನ್ನುತ್ತಾರೆ. ಆದರೆ ಬ್ಯೂರೆಟ್ ಕೈಯಲ್ಲಿ ಹಿಡಿಯದ ಮಗು ಇದನ್ನು ಬಾಯಿಪಾಠ ಮಾಡಿ ಬರೆಯಲಾರದು. ಪರಿಚಯದ ಪಿಯು ಉಪನ್ಯಾಸಕರೊಬ್ಬರು ಒಂಬತ್ತು ಭಾನುವಾರ ಬಿಡುವು ಮಾಡಿಕೊಂಡು ಅವಳಿಗೆ ಟೈಟ್ರೇಷನ್, ಮಸೂರ, ಸರ್ಕ್ಯೂಟು ಎಲ್ಲ ಮಾಡಿಸಿದರು. ದುಡ್ಡು ಮುಟ್ಟಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತಿದ್ದರು. ಅವರ ಋಣ ನಮ್ಮ ಮೇಲಿದೆ.

ಅಣ್ಣನಿಗೆ ಲೆಸ್ಟರ್‌ನಲ್ಲಿ ಇದೆಲ್ಲ ಶಾಲೆಯಲ್ಲೇ ಆಯಿತು. ಮಾಡಲೇಬೇಕಾದ ಪ್ರಯೋಗಗಳ ಪಟ್ಟಿ ಇರುತ್ತದೆ, ಅದರ ಮೇಲಿನ ಪ್ರಶ್ನೆಗಳು ಲಿಖಿತ ಪತ್ರಿಕೆಯಲ್ಲೇ ಬರುತ್ತವೆ. ಅವನು ತೆಗೆದುಕೊಂಡದ್ದು ಮೂರೂ ವಿಜ್ಞಾನ ಸೇರಿದ ಕಂಬೈಂಡ್ ಸೈನ್ಸ್. ಆರು ಪತ್ರಿಕೆ, ತಲಾ ಒಂದೂಕಾಲು ಗಂಟೆ. ಕೊನೆಗೆ ಎರಡು ದರ್ಜೆ ಒಟ್ಟಿಗೆ ಬರುತ್ತವೆ. ಮನೆಯವರಿಗೆ ಒಂದು ಪೆನ್ನಿನ ಖರ್ಚೂ ಇಲ್ಲ. ಸರ್ಕಾರಿ ಶಾಲೆ, ಪರೀಕ್ಷಾ ಶುಲ್ಕವನ್ನೂ ಶಾಲೆಯೇ ಕಟ್ಟಿತು. ಬ್ರಿಟನ್ನಿನಲ್ಲೇ ಇರುವವರು ಜಿಸಿಎಸ್‌ಇ ಬಿಟ್ಟು ಬೇರೆ ಯೋಚನೆ ಮಾಡುವ ಕಾರಣವೇ ನನಗೆ ಕಾಣುವುದಿಲ್ಲ.

ಈಗ ನಮಗೆ ಆದ ನೋವು. ಮನೆಯಲ್ಲಿ ಓದಿದವರ ಅರ್ಜಿಯನ್ನು ಕೇಂಬ್ರಿಡ್ಜ್ ನೇರವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಮಾನ್ಯತೆ ಇರುವ ಶಾಲೆ ಅಥವಾ ಕೇಂದ್ರದ ಮೂಲಕವೇ ಹೆಸರು ಹೋಗಬೇಕು. ಹೊರಗಿನ ಮಕ್ಕಳನ್ನು ಕೂರಿಸಿಕೊಳ್ಳುವುದು, ಬಿಡುವುದು ಆ ಕೇಂದ್ರದ ಇಷ್ಟ. ಬೆಂಗಳೂರಿನ ಒಂದು ಕೇಂದ್ರದವರು ಫೋನಿನಲ್ಲಿ ಆಗುತ್ತದೆ ಅಂದರು. ಮುಂಗಡ ತೆಗೆದುಕೊಂಡರು. ವಾರಕ್ಕೊಮ್ಮೆ ಫೋನ್ ಮಾಡಿದರೂ ಆಯ್ತು ಮೇಡಂ, ಆಯ್ತು ಮೇಡಂ ಅಂದರು. ಹೆಸರು ಕಳಿಸುವ ಕೊನೆಯ ದಿನ ಹತ್ತಿರ ಬಂದಾಗ, ಮಾರ್ಚ್ ಪರೀಕ್ಷೆಗೆ ಹೊರಗಿನವರನ್ನು ತೆಗೆದುಕೊಳ್ಳುವುದಿಲ್ಲ, ಜೂನ್‌ಗೆ ನೋಡೋಣ ಅಂದುಬಿಟ್ಟರು. ತಂಗಿ ಅವತ್ತು ಅಡುಗೆಮನೆಯಲ್ಲಿ ನಿಂತು ಅತ್ತಳು.

ಮಾರ್ಚ್ ಯಾಕೆ ಅಷ್ಟು ಮುಖ್ಯ ಅಂದರೆ, ಕೇಂಬ್ರಿಡ್ಜ್‌ನವರು ಫೆಬ್ರುವರಿ-ಮಾರ್ಚ್ ಪರೀಕ್ಷೆಯನ್ನು ಭಾರತಕ್ಕಾಗಿಯೇ ನಡೆಸುತ್ತಾರೆ. ಫಲಿತಾಂಶ ಮೇ ತಿಂಗಳಲ್ಲಿ ಕೈಗೆ ಬರುತ್ತದೆ. ಜೂನ್ ಪರೀಕ್ಷೆ ಬರೆದರೆ ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ನಮ್ಮ ಪಿಯು ತರಗತಿಗಳು ಶುರುವಾಗಿ ಎರಡು ತಿಂಗಳು ಆಗಿರುತ್ತದೆ. ಇಲ್ಲೇ ಪಿಯು ಓದಿಸುವ ಯೋಚನೆ ಇದ್ದರೆ ಮಾರ್ಚ್ ಬಿಟ್ಟು ಬೇರೆ ದಾರಿ ಇಲ್ಲ ಅಂತಲೇ ತಿಳಿಯಿರಿ. ಇದನ್ನು ನಮಗೆ ಯಾರೂ ಹೇಳಲಿಲ್ಲ. ತಿಂಗಳಿಗೆ ಸಾವಿರಾರು ರೂಪಾಯಿ ತೆಗೆದುಕೊಂಡು ಕಂಪ್ಯೂಟರ್ ಪರದೆಯಲ್ಲಿ ಪಾಠ ಹೇಳುತ್ತಿದ್ದ ಟ್ಯೂಷನ್‌ನವರೂ ಹೇಳಲಿಲ್ಲ. ಆ ಟ್ಯೂಷನ್ ನಾಲ್ಕು ತಿಂಗಳಿಗೇ ಬಿಡಿಸಿದೆ. ಉತ್ತರದ ಅಡ್ಡದಾರಿ ಹೇಳುತ್ತಿದ್ದರೇ ಹೊರತು ಯಾಕೆ ಅಂತ ಹೇಳುತ್ತಿರಲಿಲ್ಲ.

ಕೊನೆಗೆ ಹೈದರಾಬಾದಿನ ಒಂದು ಕೇಂದ್ರ ಒಪ್ಪಿತು. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆ ಕೇಂದ್ರದವರು ಚೊಕ್ಕ ಕೆಲಸ ಮಾಡಿದರು. ಹೆಸರು ನೋಂದಾಯಿಸಿದ ಕಾಗದವನ್ನು ಮೊದಲ ವಾರವೇ ಕಳಿಸಿದರು. ಅದರಲ್ಲಿ ವಿಷಯದ ಕೋಡ್, ಪತ್ರಿಕೆಯ ಸಂಖ್ಯೆ, ದಿನ, ಹೊತ್ತು ಎಲ್ಲ ಇತ್ತು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ಬಂದಿದೆಯೇ ಅಂತ ಅವರೇ ಫೋನ್ ಮಾಡಿ ಕೇಳಿದರು. ಶುಲ್ಕ ಮಾತ್ರ ಹಗುರ ಅಲ್ಲ. ಪ್ರತಿ ವಿಷಯಕ್ಕೂ ಬೇರೆ ಬೇರೆ, ಅದರ ಮೇಲೆ ಕೇಂದ್ರದ ಶುಲ್ಕ. ಐದು ವಿಷಯ ತೆಗೆದುಕೊಂಡೆವು: ಇಂಗ್ಲಿಷ್, ಗಣಿತ, ಭೌತ, ರಸಾಯನ, ಜೀವಶಾಸ್ತ್ರ. ಇಂಗ್ಲಿಷಿಗೆ ಎರಡು, ಗಣಿತಕ್ಕೆ ಎರಡು, ಮೂರು ವಿಜ್ಞಾನಕ್ಕೆ ಮೂರು ಮೂರು. ಒಟ್ಟು 13 ಪತ್ರಿಕೆ. ಎಸ್‌ಎಸ್‌ಎಲ್‌ಸಿಯ ಹಾಗೆ ಎರಡು ವಾರದಲ್ಲಿ ಮುಗಿಯುವುದಿಲ್ಲ, ವಾರಗಟ್ಟಲೆ ಹಂಚಿಹೋಗಿರುತ್ತದೆ. ತಂಗಿ ಮತ್ತು ಮಗಳು ಮೆಹಬೂಬನಗರದ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿ, ನೆಂಟರ ಮನೆಯಲ್ಲಿ ಉಳಿದು ಬರೆಸಿದರು. ಅಮ್ಮನನ್ನು ನಾನು ನೋಡಿಕೊಂಡೆ.

ಮೇ ತಿಂಗಳ ಬಿಸಿಲಿನಲ್ಲಿ ಫಲಿತಾಂಶ ಬಂತು. ಕರೆಂಟು ಹೋಗಿತ್ತು. ಮೊಬೈಲಿನಲ್ಲೇ ನೋಡಿದೆವು. ಗಣಿತ ಎ-ಸ್ಟಾರ್. ಇಂಗ್ಲಿಷ್, ಭೌತ, ಜೀವಶಾಸ್ತ್ರ ಎ. ರಸಾಯನಶಾಸ್ತ್ರ ಬಿ. ಹುಡುಗಿ ಮೊದಲು ಅಜ್ಜಿಯ ಹಾಸಿಗೆ ಹತ್ತಿರ ಹೋಗಿ ಹೇಳಿದಳು.

ಇಲ್ಲಿ ಪಿಯು ಸೇರಿಸುವವರಿಗೆ ನಾವು ಕಲಿತ ಕೆಲವು ಸಂಗತಿ ಬೇಕಾಗುತ್ತವೆ. ಐಜಿಸಿಎಸ್‌ಇಯಲ್ಲಿ ಕನಿಷ್ಠ 5 ವಿಷಯಗಳಲ್ಲಿ ಸಿ ಅಥವಾ ಮೇಲಿನ ದರ್ಜೆ ಇದ್ದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಅದನ್ನು ಹತ್ತನೇ ತರಗತಿಗೆ ಸಮ ಅಂತ ಒಪ್ಪುತ್ತದೆ. ನಮ್ಮ ಕಾಲೇಜಿನವರು ಆ ಸಮಾನತೆ ಪತ್ರ ಕೇಳಿದರು. ಅರ್ಜಿಯನ್ನು ಫಲಿತಾಂಶ ಬಂದ ದಿನವೇ ಹಾಕಿ. ನಾಲ್ಕು ವಿಷಯ ಸಾಕು ಅಂತ ಯಾರಾದರೂ ಅಂದರೆ ಕೇಳಬೇಡಿ.

ನಮ್ಮ ಭಾಗದವರು ಎಲ್ಲರೂ ಕೇಳುವ ಪ್ರಶ್ನೆ ಸಂವಿಧಾನದ 371(ಜೆ) ವಿಧಿಯ ಬಗ್ಗೆ. ಹೊರಗಿನ ಬೋರ್ಡಿಗೆ ಹೋದರೆ ಕಲ್ಯಾಣ ಕರ್ನಾಟಕದ ಮೀಸಲಾತಿ ಹೋಗುತ್ತದಾ? ಆ ಮೀಸಲಾತಿಯ ಪತ್ರ ನಿಂತಿರುವುದು ಹುಟ್ಟಿದ ಊರು ಮತ್ತು ವಾಸದ ಮೇಲೆ, ಬೋರ್ಡಿನ ಮೇಲಲ್ಲ. ಸಹಾಯಕ ಆಯುಕ್ತರ ಕಚೇರಿಯಲ್ಲಿ ಕೊಡುತ್ತಾರೆ. ನಮ್ಮ ಹುಡುಗಿ ರಾಯಚೂರಿನಲ್ಲೇ ಹುಟ್ಟಿದವಳು. ಆದರೆ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು ಅನ್ನುವ ಷರತ್ತು ಬೇರೆಯೇ ಇದೆ. ಅದಕ್ಕೆ ಹೊಂದದವರಿಗೆ ಬೇರೆ ಬೇರೆ ಕಲಮುಗಳಿವೆ. ಹೊರದೇಶದಿಂದ ಮಕ್ಕಳನ್ನು ಕರೆದುಕೊಂಡು ಬರುವವರು ಆ ಕಲಮುಗಳನ್ನು ಬೋರ್ಡು ಆರಿಸುವ ಮೊದಲೇ ಕೂತು ಓದಿ. ಪಿಯು ಮುಗಿದ ಮೇಲೆ ಓದಿದರೆ ಪ್ರಯೋಜನ ಇಲ್ಲ.

ಎರಡು ಪರೀಕ್ಷೆಗಳ ಮೇಲೂ ನನಗೆ ಒಂದೇ ದೂರು. ಎರಡರಲ್ಲೂ ಕನ್ನಡ ಇಲ್ಲ. ಜಿಸಿಎಸ್‌ಇಯಲ್ಲಿ ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಇವೆ. ಕೇಂಬ್ರಿಡ್ಜ್‌ನಲ್ಲಿ ಹಿಂದಿ ಇದೆ. ಕನ್ನಡ ಎಲ್ಲೂ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ ಇಷ್ಟು ಕನ್ನಡದ ಮನೆಗಳಿವೆ, ಆ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಒಂದು ದರ್ಜೆ ಸಿಗುವ ಹಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ನಮ್ಮ ಹುಡುಗಿಗೆ ನಾನು ದಿನಾ ಅರ್ಧ ಗಂಟೆ ಕನ್ನಡ ಬರೆಸಿದೆ. ಪರೀಕ್ಷೆಗೆ ಬೇಡದ್ದು ಅಂತ ಅವಳು ಒಂದು ದಿನವೂ ಗೊಣಗಲಿಲ್ಲ. ಒತ್ತಕ್ಷರ ಇನ್ನೂ ತಪ್ಪುತ್ತವೆ. ಆದರೆ ಹೈದರಾಬಾದಿನಿಂದ ವಾಪಸ್ ಬರುವಾಗ ಕೃಷ್ಣಾ ನದಿ ದಾಟಿದ ಮೇಲೆ ಬರುವ ಬೋರ್ಡುಗಳನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳಂತೆ.

ಯಾರಾದರೂ ನನ್ನನ್ನು ಯಾವುದು ಮೇಲು ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಎರಡೇ: ಪರೀಕ್ಷೆಯ ದಿನ ಮಗು ಯಾವ ದೇಶದಲ್ಲಿ ಇರುತ್ತದೆ? ಅದಾದ ಮೇಲೆ ಯಾವ ಬಾಗಿಲು ತಟ್ಟಬೇಕು? ಇವೆರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ಅಣ್ಣನಿಗೆ ಜಿಸಿಎಸ್‌ಇ ಆದ ಮೇಲೆ ಅಲ್ಲೇ ಎ-ಲೆವೆಲ್, ಅಂದರೆ ನಮ್ಮ ಪಿಯುಸಿಯಂಥದ್ದು. ತಂಗಿಗೆ ಐಜಿಸಿಎಸ್‌ಇ ಆದ ಮೇಲೆ ಇಲ್ಲಿ ಪಿಯು ವಿಜ್ಞಾನ. ಬೇಕಿದ್ದರೆ ಅದೇ ದರ್ಜೆ ಇಟ್ಟುಕೊಂಡು ಅಲ್ಲಿಗೆ ಹೋಗಿ ಎ-ಲೆವೆಲ್ ಸೇರಬಹುದಿತ್ತು. ಅವಳೇ ಬೇಡ ಅಂದಳು.

ಡಬ್ಬದಲ್ಲಿದ್ದ ಭೌತಶಾಸ್ತ್ರ ಮತ್ತು ಜೀವಶಾಸ್ತ್ರದ ಪುಸ್ತಕಗಳನ್ನು ಶಕ್ತಿನಗರದ ಒಬ್ಬ ಹುಡುಗ ತೆಗೆದುಕೊಂಡು ಹೋಗಿದ್ದಾನೆ. ಅವನ ಮನೆಯವರು ದುಬೈನಿಂದ ಬಂದಿದ್ದಾರೆ. ರಸಾಯನಶಾಸ್ತ್ರದ್ದು ಇನ್ನೂ ಇದೆ. ಗಣಿತದ ಪುಸ್ತಕದ ಮೂರು ಭಾಗಗಳಲ್ಲಿ ಎರಡು ಇವೆ, ನಡುವಿನದು ನನ್ನ ಶಾಲೆಯ ಚೀಲದಲ್ಲಿದೆ. ಅದರ ವರ್ಗ ಸಮೀಕರಣದ ಲೆಕ್ಕಗಳನ್ನು ಈ ವರ್ಷದ ಹತ್ತನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದೇನೆ.